ಕಿವಿ ಕೇಳದ ಆಟಗಾರ ವಿಲಿಯಂ ಹೋಯ್

(ನಮ್ಮ ವಾಚನಾಲಯದ ರವಿವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ಸಲದ ಉಪನ್ಯಾಸ ಒಬ್ಬ ಆಟಗಾರನನ್ನು ಕುರಿತದ್ದು ಎಂಬ ಪ್ರಕಟಣೆ ನೋಡಿ ತಮ್ಮಲ್ಲಿ ಅನೇಕರು ಯಾವುದೋ ಕ್ರಿಕೆಟ್ ವೀರನ ಕಥೆಯನ್ನು ನಿರೀಕ್ಷಿಸಿ ಬಂದಿರಬಹುದು. ನಾನು ಆರಿಸಿಕೊಂಡ ಮನುಷ್ಯ ಅಮೆರಿಕದವನು. ಆಡಿದ ಆಟ ಬೇಸ್‌ಬಾಲ್. ಆಡಿದ್ದು ನೂರಿಪ್ಪತ್ತು ವರ್ಷಕ್ಕೂ ಹಿಂದೆ. ಹೆಸರು ವಿಲಿಯಂ ಎಲ್ಸ್‌ವರ್ತ್ ಹೋಯ್. ನಮ್ಮ ಕರಾವಳಿಯ ಕಡೆ ಬೀದಿಯಾಚೆ ಹೋಗುವವರನ್ನು "ಹೋಯ್" ಎಂದು ಕೂಗಿ ನಿಲ್ಲಿಸುವ ವಾಡಿಕೆ ಉಂಟಷ್ಟೆ. ಕರೆಯೇ ಹೆಸರಾಗಿದ್ದ ಈ ಮನುಷ್ಯನಿಗೆ ಯಾರ ಕರೆಯೂ ಕೇಳಿಸುತ್ತಿರಲಿಲ್ಲ. ಆತ ಪೂರ್ಣ ಕಿವುಡ. ಆದರೂ ಹದಿನಾಲ್ಕು ವರ್ಷ ಆ ದೇಶದ ಅತ್ಯುಚ್ಚ ಪಂಕ್ತಿಯ ತಂಡಗಳಲ್ಲಿ ಸಂಬಳದ ಆಟಗಾರನಾಗಿ ನಿಂತ.

ಊರು ಬಿಟ್ಟು ಬಂದು, ತಮ್ಮ ಮಾತು ತಿಳಿಯದ ಜನರ ನಡುವೆ ದುಡಿದು ಹೊಟ್ಟೆ ಹೊರೆದುಕೊಳ್ಳುವ ನಮ್ಮಂಥವರಿಗೆ ಈತನ ಬಾಳಿನಲ್ಲಿ ಒಂದೆರಡು ಉಪಯೋಗದ ಸಂಗತಿಗಳಿವೆ ಎಂದು ನನಗೆ ತೋರಿತು. ಅದಕ್ಕಾಗಿ ಈ ಆಯ್ಕೆ.

ಮೊದಲು ಆಟದ ವಿಚಾರ ನಾಲ್ಕು ಮಾತು. ಬೇಸ್‌ಬಾಲಿನಲ್ಲಿ ಪ್ರತಿ ಪಕ್ಷಕ್ಕೆ ಒಂಬತ್ತು ಮಂದಿ. ತೊಂಬತ್ತು ತೊಂಬತ್ತು ಅಡಿಗೆ ಒಂದರಂತೆ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಅವೇ ಬೇಸುಗಳು. ಚೆಂಡೆಸೆಯುವವ ಪಿಚರ್. ಆತ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ದಾಂಡಿಗ ಹೊಡೆದು ಓಡಿ, ಮೂರು ಬೇಸು ದಾಟಿ ಮತ್ತೆ ಮನೆ ಮೂಲೆಗೆ ಬಂದರೆ ಒಂದು ರನ್. ಹೊಡೆಯಲಾಗುವ ಚೆಂಡನ್ನು ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಅದು ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟ್. ಅಳತೆ ಮೀರಿ ಬಂದ ಚೆಂಡು ಬಾಲ್. ನಾಲ್ಕು ಬಾಲ್ ಆದರೆ ದಾಂಡಿಗ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಯುತ್ತಾನೆ. ಈ ನಾಲ್ಕರ ಲೆಕ್ಕ ನಿಂತದ್ದು 1889ರಲ್ಲಿ. ಎಸೆತ ಸ್ಟ್ರೈಕೋ ಬಾಲೋ ಎಂದು ಹೇಳುವವನು ಅಂಪೈರ್. ಕ್ರಿಕೆಟ್ಟಿನ ಅಂಪೈರ್ ಬೆರಳೆತ್ತಿದರೆ ಸಾಕು, ಮೈದಾನದ ಮೂಲೆಯಲ್ಲಿ ಕುಳಿತವನಿಗೂ ತೀರ್ಪು ತಿಳಿಯುತ್ತದೆ. ಹೋಯ್ ಆಡಿದ ಕಾಲದ ಬೇಸ್‌ಬಾಲ್ ಅಂಪೈರ್ ಕೈಯೆತ್ತುತ್ತಿರಲಿಲ್ಲ. ಬಾಯಲ್ಲಿ ಕೂಗಿ ಹೇಳುತ್ತಿದ್ದ. ಈ ಒಂದು ಸಂಗತಿಯನ್ನು ತಾವು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಹೋಯ್ ಹುಟ್ಟಿದ್ದು 1862ರ ಮೇ 23ರಂದು, ಓಹಾಯೋ ರಾಜ್ಯದ ಹೌಕ್‌ಟೌನ್ ಎಂಬ ಹಳ್ಳಿಯಲ್ಲಿ. ಮೂರನೆಯ ವಯಸ್ಸಿನಲ್ಲಿ ಮಿದುಳಿನ ಪೊರೆಗೆ ತಗಲುವ ಮೆನಿಂಜೈಟಿಸ್ ಎಂಬ ಜಾಡ್ಯ ಬಂದಿತು. ಜೀವ ಉಳಿಯಿತು, ಕಿವಿ ಹೋಯಿತು. ಕೇಳದ ಮಗುವಿಗೆ ಮಾತೂ ಬಾರದು. ಪುಣ್ಯಕ್ಕೆ ಕೊಲಂಬಸ್ ನಗರದಲ್ಲಿ ಸರಕಾರ ನಡೆಸುತ್ತಿದ್ದ ಕಿವುಡರ ಶಾಲೆಯಿತ್ತು. ಹುಡುಗ ಅಲ್ಲಿ ಕೈಸನ್ನೆಯ ಭಾಷೆಯನ್ನೂ ಓದುಬರಹವನ್ನೂ ಕಲಿತು, ತರಗತಿಗೇ ಮೊದಲಿಗನಾಗಿ ಹೊರಬಂದ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನವು, ಶಾಲೆಗಳಲ್ಲಿ ಕೈಸನ್ನೆ ಬೇಡ, ತುಟಿ ನೋಡಿ ಮಾತು ಕಲಿಸುವುದೇ ಸರಿ ಎಂದು ಠರಾವು ಮಾಡಿತು. ಅದರ ಫಲವಾಗಿ ಮುಂದೆ ಎಷ್ಟೋ ದೇಶಗಳಲ್ಲಿ ಮಕ್ಕಳ ಕೈ ಕಟ್ಟಿದಂತಾಯಿತು. ಹೋಯ್ ಅದಕ್ಕೆ ಮೊದಲೇ ಸನ್ನೆಯ ಭಾಷೆಯಲ್ಲಿ ಕಲಿತು ಬೆಳೆದವನು. ಆ ಭಾಷೆ ಅವನಿಗೆ ತಾಯಿನುಡಿಯಷ್ಟೇ ಸಹಜವಾಗಿತ್ತು.

ಶಾಲೆ ಬಿಟ್ಟ ಮೇಲೆ ಊರಿಗೆ ಮರಳಿ ಜೋಡು ರಿಪೇರಿಯ ಅಂಗಡಿ ಇಟ್ಟ. ಬಿಡುವಿನ ವೇಳೆಯಲ್ಲಿ ಊರ ಹುಡುಗರೊಡನೆ ಚೆಂಡಾಟ. ಆಳು ಗಿಡ್ಡ, ಐದೂವರೆ ಅಡಿಗೆ ಮೀರದವನು. ತೂಕ ಸುಮಾರು 150 ಪೌಂಡು. ಆದರೆ ಕಾಲಿನಲ್ಲಿ ವೇಗವಿತ್ತು, ತೋಳಿನಲ್ಲಿ ಬಲವಿತ್ತು. ಎಡಗೈ ದಾಂಡಿಗ, ಬಲಗೈ ಎಸೆತಗಾರ. ಸಂಬಳಕ್ಕೆ ಆಡುವ ವೃತ್ತಿಯೊಂದು ಆ ದೇಶದಲ್ಲಿ ಆಗತಾನೇ ಗಟ್ಟಿಯಾಗುತ್ತಿದ್ದ ಕಾಲವದು. 1886ರಲ್ಲಿ ಹೋಯ್ ಅಂಗಡಿಯನ್ನು ಬಿಟ್ಟು ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಷ್ ಊರಿನ ತಂಡ ಸೇರಿದ. ಇಪ್ಪತ್ತನಾಲ್ಕು ವರ್ಷದ ಕಿವುಡ ಯುವಕ, ಪರಸ್ಥಳ, ಜೇಬಿನಲ್ಲಿ ಮಾತಿಗೆ ಬದಲು ಕಾಗದ ಮತ್ತು ಪೆನ್ಸಿಲು.

ಮೊದಲ ವರ್ಷ ಬ್ಯಾಟಿಂಗಿನಲ್ಲಿ ಸೋತ. ಕಾರಣ ಬಲು ಸರಳ. ಅಂಪೈರ್ ಹಿಂದೆ ನಿಂತು ಕೂಗಿದ್ದು ಅವನಿಗೆ ಕೇಳಿಸದು. ಸ್ಟ್ರೈಕು ಎಷ್ಟಾಯಿತು, ಬಾಲು ಎಷ್ಟಾಯಿತು ಎಂದು ಪ್ರತಿ ಎಸೆತಕ್ಕೂ ಹಿಂತಿರುಗಿ ನೋಡಬೇಕು. ಆತ ಕತ್ತು ತಿರುಗಿಸುವುದನ್ನೇ ಕಾಯುತ್ತಿದ್ದ ಪಿಚರ್, ಮತ್ತೆ ಸಿದ್ಧನಾಗುವುದರೊಳಗೆ ಮುಂದಿನ ಚೆಂಡು ಎಸೆದುಬಿಡುತ್ತಿದ್ದ. ಇದು ಆಟದ ಅನ್ಯಾಯವೆಂದು ದೂರು ಕೊಟ್ಟು ಕೂರಬಹುದಿತ್ತು. ನನ್ನಿಂದಾಗದು ಎಂದು ಅಂಗಡಿಗೆ ಹಿಂತಿರುಗಬಹುದಿತ್ತು. ಹೋಯ್ ಮೂರನೆಯ ದಾರಿ ಹಿಡಿದ. ಮೂರನೆಯ ಬೇಸಿನ ಬಳಿ ತನ್ನ ಪಕ್ಷದ ಒಬ್ಬ ಮನುಷ್ಯ ಹೇಗೂ ನಿಂತಿರುತ್ತಾನೆ; ಓಡುವವರಿಗೆ ಸೂಚನೆ ಕೊಡುವುದು ಅವನ ಕೆಲಸ. ಅಂಪೈರ್ ಕೂಗಿದ್ದನ್ನು ಆತ ಬೆರಳೆತ್ತಿ ತೋರಿಸಲಿ ಎಂದು ಹೋಯ್ ಕೇಳಿಕೊಂಡ. ಅಲ್ಲಿಗೆ ಹಿಂತಿರುಗಿ ನೋಡುವ ಕಷ್ಟ ತಪ್ಪಿತು. ಎದುರಿಗೇ ಪಿಚರ್, ಓರೆಗಣ್ಣಿಗೆ ಸನ್ನೆ. ಮರುವರ್ಷ, 1887ರಲ್ಲಿ, ಫ್ರಾಂಕ್ ಸೆಲೀ ಎಂಬ ಚತುರ ವ್ಯವಸ್ಥಾಪಕನ ಕೈಕೆಳಗೆ ಆಶ್‌ಕಾಷ್ ತಂಡ ತನ್ನ ಲೀಗನ್ನೇ ಗೆದ್ದಿತು. ಹೋಯ್ ಅದರ ಮುಖ್ಯ ಆಟಗಾರರಲ್ಲಿ ಒಬ್ಬನಾದ.

1888ರಲ್ಲಿ ದೊಡ್ಡ ಬಾಗಿಲು ತೆರೆಯಿತು. ರಾಜಧಾನಿ ವಾಷಿಂಗ್ಟನ್ನಿನ ತಂಡ ನ್ಯಾಷನಲ್ ಲೀಗಿನಲ್ಲಿ ಆಡುತ್ತಿತ್ತು. ಅಲ್ಲಿಗೆ ಹೋಯ್ ಔಟ್‌ಫೀಲ್ಡರ್ ಆಗಿ ಬಂದ. ದೂರದ ಹುಲ್ಲಿನಲ್ಲಿ ಕಾಯುವ ಮೂವರಿಗೆ ಈ ಹೆಸರು. ನಡುವಿನವನಾದ ಸೆಂಟರ್ ಫೀಲ್ಡರನಿಗೆ ಎಲ್ಲರಿಗಿಂತ ಹೆಚ್ಚು ನೆಲ. ಹೋಯ್ ಕಾದದ್ದು ಅದನ್ನೇ. ಆಕಾಶಕ್ಕೆ ಚಿಮ್ಮಿದ ಚೆಂಡಿಗೆ ಇಬ್ಬರು ಮೂವರು ಒಟ್ಟಿಗೆ ಓಡುವುದುಂಟು. "ನನ್ನದು!" ಎಂದು ಒಬ್ಬ ಕೂಗಿದರೆ ಉಳಿದವರು ಬಿಟ್ಟುಕೊಡುತ್ತಾರೆ. ಕೇಳಿಸದವನು ಏನು ಮಾಡಬೇಕು? ತಲೆಗೆ ತಲೆ ಬಡಿದರೆ ಇಬ್ಬರೂ ಆಸ್ಪತ್ರೆಗೆ.

ಹೋಯ್ ಒಂದು ಲಿಖಿತ ಸೂಚನೆಯನ್ನು ತಂಡದವರ ಮುಂದಿಟ್ಟ. ತಾನು ಪೂರ್ಣ ಕಿವುಡ, ತಂಡದಲ್ಲಿ ಕೆಲವರಿಗೆ ತನ್ನ ಆಟದ ರೀತಿ ತಿಳಿಯದು, ಆದ್ದರಿಂದ ಡಿಕ್ಕಿ ತಪ್ಪಿಸಲು ಒಂದು ತಿಳುವಳಿಕೆ ಬೇಕು ಎಂಬುದು ಅದರ ಸಾರಾಂಶ. ಚೆಂಡು ತನ್ನದಾದರೆ ತಾನು ಕೂಗುವೆ. ತನ್ನ ಕೂಗು ಕೇಳಿಸದಿದ್ದರೆ ಚೆಂಡು ಅವರದೆಂದು ತಿಳಿದು ಅವರು ಹೋಗಬಹುದು. ಅಂದರೆ ಕೂಗುವ ಹೊಣೆಯನ್ನು ಕೇಳಿಸದವನೇ ಹೊತ್ತುಕೊಂಡ! ಮುಂದೆ ಲೂಯಿವಿಲ್ ತಂಡದಲ್ಲಿ ಅವನೊಡನೆ ಆಡಿದ ಟಾಮಿ ಲೀಚ್, ಹೋಯ್ ಚೆಂಡಿಗೆ ಓಡುವಾಗ ಗಂಟಲಿನಿಂದ ಒಂದು ಸಣ್ಣ ಕೀರಲು ಸದ್ದು ಹೊರಡುತ್ತಿತ್ತು, ಅದು ಕೇಳಿದರೆ ನಾವು ನಿಂತುಬಿಡುತ್ತಿದ್ದೆವು ಎಂದು ಮುದಿವಯಸ್ಸಿನಲ್ಲಿ ನೆನೆದು ಹೇಳಿದ್ದಾನೆ.

ಬಂಧುಗಳೇ, ಈ ಸೂಚನೆಯ ಬಗೆಗೆ ಸ್ವಲ್ಪ ವಿಚಾರ ಮಾಡಬೇಕು. ಹೊಸ ಕೆಲಸಕ್ಕೆ ಸೇರಿದವನು ತನ್ನ ಕೊರತೆಯನ್ನು ಮುಚ್ಚಿಡಲು ಹವಣಿಸುತ್ತಾನೆ. ಹೊಸದಾಗಿ ಪರಸ್ಥಳಕ್ಕೆ ಬಂದವನಿಗೆ ಅಲ್ಲಿನ ಮಾತು ತಿಳಿಯದಿದ್ದರೂ ತಿಳಿದಂತೆ ತಲೆಯಾಡಿಸುವುದೇ ವಾಡಿಕೆ. ಹೇಳಿದ ಕೆಲಸ ಒಂದು, ಮಾಡಿದ್ದು ಇನ್ನೊಂದು, ಆಮೇಲೆ ಬೈಗುಳ. ಹೋಯ್ ತಲೆಯಾಡಿಸಲಿಲ್ಲ. ನನಗೆ ಕೇಳುವುದಿಲ್ಲ, ಹೀಗೆ ಮಾಡಿದರೆ ಎಲ್ಲರ ಕೆಲಸವೂ ಸಾಗುತ್ತದೆ ಎಂದು ನೇರವಾಗಿ ಬರೆದು ತಿಳಿಸಿದ. ಆತ ದಯೆ ಬೇಡಲಿಲ್ಲ, ಒಂದು ಏರ್ಪಾಡು ಕೇಳಿದ. ಈ ಎರಡಕ್ಕೆ ಇರುವ ಅಂತರ ದೊಡ್ಡದು.

ಆಟದ ಫಲವೇನು ಎಂದು ಕೇಳುವಿರಿ. ಪಿಚರನ ಕಣ್ಣು ತಪ್ಪಿಸಿ ಒಂದು ಬೇಸಿನಿಂದ ಮುಂದಿನದಕ್ಕೆ ಓಡುವುದಕ್ಕೆ ಬೇಸು ಕದಿಯುವುದು ಎನ್ನುತ್ತಾರೆ. ಆ ಮೊದಲ ವರ್ಷವೇ ಹೋಯ್ 82 ಬೇಸು ಕದ್ದು ಇಡೀ ನ್ಯಾಷನಲ್ ಲೀಗಿನಲ್ಲಿ ಮೊದಲಿಗನಾದ. ಇತರರ ಹೊಡೆತಕ್ಕೆ ಒಂದು ಬೇಸು ಹೆಚ್ಚು ಓಡಿದ್ದನ್ನೂ ಆಗಿನ ಲೆಕ್ಕದಲ್ಲಿ ಸೇರಿಸುತ್ತಿದ್ದರು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಆ ಲೆಕ್ಕ ಎಲ್ಲ ಆಟಗಾರರಿಗೂ ಒಂದೇ ಆಗಿತ್ತಲ್ಲವೇ? 1889ರ ಜೂನ್ 19ರಂದು ಇಂಡಿಯಾನಾಪೊಲಿಸ್ ತಂಡದ ಎದುರು ಆಡುವಾಗ, ದೂರದ ಹುಲ್ಲಿನಿಂದ ನೇರವಾಗಿ ಮನೆ ಮೂಲೆಗೆ ಚೆಂಡೆಸೆದು ಒಂದೇ ಆಟದಲ್ಲಿ ಮೂವರು ಓಟಗಾರರನ್ನು ಔಟ್ ಮಾಡಿಸಿದ. ಆ ಮೂರು ಎಸೆತಗಳನ್ನೂ ಹಿಡಿದ ಕ್ಯಾಚರ್ ಕೊನೀ ಮ್ಯಾಕ್. ಮುಂದೆ ಅರ್ಧ ಶತಮಾನ ಫಿಲಡೆಲ್ಫಿಯಾ ತಂಡವನ್ನು ನಡೆಸಿ ಹೆಸರಾದವನು. 1891ರಲ್ಲಿ ಮತ್ತು ಮತ್ತೆ 1901ರಲ್ಲಿ, ತಾನಾಡಿದ ಲೀಗಿನಲ್ಲಿ ಅತ್ಯಧಿಕ ಸಲ ನಾಲ್ಕು ಬಾಲ್ ಪಡೆದು ಮೊದಲ ಬೇಸಿಗೆ ನಡೆದವನೂ ಹೋಯನೇ. ಕೆಟ್ಟ ಚೆಂಡಿಗೆ ಬೀಸದೆ ಸುಮ್ಮನೆ ನಿಲ್ಲುವುದು ಬಹು ಕಠಿಣವಾದ ಸಂಯಮ. ಎಣಿಕೆಯನ್ನು ಕೇಳಲಾರದವನೇ ಎಣಿಕೆಯ ಆಟದಲ್ಲಿ ಗೆದ್ದದ್ದು ವಿಶೇಷ.

ಇನ್ನು ಸಂಬಳದ ವಿಚಾರ. ಇದು ದುಡಿಯುವವರೆಲ್ಲರಿಗೂ ಸಂಬಂಧಪಟ್ಟದ್ದು. ಆಟಗಾರರ ಮೇಲೆ ಯಜಮಾನರು ಒಂದು ಕಟ್ಟು ಹಾಕಿದ್ದರು. 1879ರಲ್ಲಿ ಆರಂಭವಾದ ಈ ಕರಾರಿನ ಪ್ರಕಾರ, ವರ್ಷದ ಒಪ್ಪಂದ ಮುಗಿದ ಮೇಲೂ ಆಟಗಾರ ಹಳೆಯ ಯಜಮಾನನನ್ನು ಬಿಟ್ಟು ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಯಜಮಾನ ಮಾತ್ರ ಅವನನ್ನು ಬೇಕೆಂದಾಗ ಮಾರಬಹುದು, ಬೇಡವೆಂದಾಗ ಬಿಡಬಹುದು. ಅದು ಸಾಲದೆಂದು 1889ರ ಹಂಗಾಮಿಗೆ ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಮೇಲಿನ ದರ್ಜೆಗೂ ವರ್ಷಕ್ಕೆ 2,500 ಡಾಲರಿನ ಮಿತಿ ಹಾಕಿದರು. ನಡತೆಯನ್ನೂ ನೋಡಿ ದರ್ಜೆ ಕಟ್ಟುತ್ತಿದ್ದರಂತೆ. ಕಚೇರಿಯಲ್ಲಿ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಟಗಾರರು 1885ರಲ್ಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಜಾನ್ ವಾರ್ಡ್ ಎಂಬ ಕಾನೂನು ಓದಿದ ಆಟಗಾರ ಅದರ ಮುಂದಾಳು. 1890ರಲ್ಲಿ ಅವರು ಯಜಮಾನರನ್ನು ಬಿಟ್ಟು ತಮ್ಮದೇ ಲೀಗನ್ನು ಕಟ್ಟಿದರು. ಹೋಯ್ ಮತ್ತು ಕೊನೀ ಮ್ಯಾಕ್ ಇಬ್ಬರೂ ಆ ಲೀಗಿನ ಬಫಲೋ ತಂಡಕ್ಕೆ ಹೊರಟರು. ಮ್ಯಾಕ್ ತಾನು ಕೂಡಿಟ್ಟಿದ್ದ ಹಣವನ್ನೂ ಅದರಲ್ಲಿ ಹಾಕಿದ. ಬಫಲೋ ತಂಡ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಹಣ ಹಾಕಿದ ಧನಿಕರು ಹಳೆಯ ಯಜಮಾನರೊಡನೆ ರಾಜಿಯಾದರು; ಒಂದೇ ವರ್ಷಕ್ಕೆ ಆ ಲೀಗು ಮುಚ್ಚಿತು. ಕಟ್ಟು ಮತ್ತೆ ಬಿಗಿಯಾಯಿತು. ಮಧ್ಯಸ್ಥನೊಬ್ಬನ ತೀರ್ಪಿನಿಂದ ಅದು ಕೊನೆಗೂ ಸಡಿಲವಾದದ್ದು 1975ರಲ್ಲಿ. ಅಂದರೆ ತೊಂಬತ್ತಾರು ವರ್ಷ! ಸೋತ ಹೋರಾಟದಲ್ಲಿ ಹೋಯ್ ಒಬ್ಬ ಸಾಮಾನ್ಯ ಸೈನಿಕ. ಆದರೆ ಸಹೋದ್ಯೋಗಿಗಳು ಹೊರಟಾಗ, ನನಗೆ ಕೇಳಿಸಲಿಲ್ಲ ಎಂದು ಹಿಂದೆ ಉಳಿದವನಲ್ಲ.

ಆ ಬಳಿಕ ಊರಿಂದೂರಿಗೆ ತಿರುಗಾಟ. ಸೇಂಟ್ ಲೂಯಿ, ಮತ್ತೆ ವಾಷಿಂಗ್ಟನ್, 1894ರಿಂದ ನಾಲ್ಕು ವರ್ಷ ಸಿನ್‌ಸಿನಾಟಿ, ಆಮೇಲೆ ಎರಡು ವರ್ಷ ಲೂಯಿವಿಲ್. 1901ರಲ್ಲಿ ಅಮೆರಿಕನ್ ಲೀಗ್ ಉಚ್ಚ ಪಂಕ್ತಿಗೆ ಏರಿದಾಗ ಅದರ ಮೊದಲ ಪ್ರಶಸ್ತಿ ಗೆದ್ದ ಶಿಕಾಗೋ ತಂಡದ ಸೆಂಟರ್ ಫೀಲ್ಡಿನಲ್ಲಿ ಮೂವತ್ತೊಂಬತ್ತರ ಹೋಯ್ ಇದ್ದ. ಹೋದಲ್ಲೆಲ್ಲ ಪ್ರೇಕ್ಷಕರಿಗೆ ಒಂದು ಸಮಸ್ಯೆ: ಈತನಿಗೆ ಚಪ್ಪಾಳೆ ತಟ್ಟಿದರೆ ಪ್ರಯೋಜನವೇನು? ಅವರೇ ಉಪಾಯ ಕಂಡುಕೊಂಡರು. ಹೋಯ್ ಒಳ್ಳೆಯ ಚೆಂಡು ಹಿಡಿದಾಗ ಎದ್ದು ನಿಂತು ಟೊಪ್ಪಿಗೆ, ಕರವಸ್ತ್ರ, ಕೈಗಳನ್ನು ಬೀಸುತ್ತಿದ್ದರು. ಕಿವುಡರ ಸಭೆಗಳಲ್ಲಿ ಇಂದಿಗೂ ಕೈ ಮೇಲೆತ್ತಿ ಆಡಿಸುವುದೇ ಚಪ್ಪಾಳೆ.

ಮನೆಯ ಸಂಸಾರವೂ ಹೀಗೆಯೇ ಜಾಣತನದ್ದು. 1898ರಲ್ಲಿ ಆತ ಮದುವೆಯಾದ ಆನಾ ಲೌರಿ ಕೂಡ ಕಿವುಡಿ; ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿ. ಅವರ ಬಾಗಿಲಿಗೆ ಗಂಟೆಯಿರಲಿಲ್ಲ ಎಂದು ಅದೇ ಟಾಮಿ ಲೀಚ್ ಹೇಳುತ್ತಾನೆ. ಬಂದವರು ಒಂದು ಗುಂಡಿಯನ್ನು ಎಳೆದರೆ, ಒಳಗೆ ಸೀಸದ ಗುಂಡೊಂದು ಮರದ ಜಾರಿನಲ್ಲಿ ಉರುಳಿ ನೆಲಕ್ಕೆ ಬೀಳುವುದು. ನೆಲದ ಅದುರು ಅಂಗಾಲಿಗೆ ತಿಳಿದೊಡನೆ ಯಜಮಾನ ಬಂದು ಬಾಗಿಲು ತೆರೆಯುವನು. ಇವರ ಮಗ ಕಾರ್ಸನ್ ಹೋಯ್ ಮುಂದೆ ಸಿನ್‌ಸಿನಾಟಿಯಲ್ಲಿ ನ್ಯಾಯಾಧೀಶನಾದ. ತಂದೆತಾಯಿಗಳಿಗೆ ಕೇಳಿಸದಿದ್ದರೂ ಮಗನಿಗೆ ಎರಡೂ ಪಕ್ಷದ ಮಾತು ಆಲಿಸುವ ಉದ್ಯೋಗ!

1902ರ ಮೇ 16ರಂದು ಸಿನ್‌ಸಿನಾಟಿಯಲ್ಲಿ ಇನ್ನೊಂದು ಅಪೂರ್ವ ಪ್ರಸಂಗ ನಡೆಯಿತು. ನ್ಯೂಯಾರ್ಕ್ ತಂಡದ ಪಿಚರ್ ಲೂಥರ್ ಟೇಲರನೂ ಕಿವುಡನೇ. ಆತನ ಎದುರು ದಾಂಡು ಹಿಡಿದು ಬಂದವನು ಹೋಯ್. ಇಬ್ಬರೂ ಕೈಸನ್ನೆಯಿಂದಲೇ ಕುಶಲ ವಿಚಾರಿಸಿಕೊಂಡು ಆಟಕ್ಕೆ ತೊಡಗಿದರು. ದೊಡ್ಡ ಲೀಗಿನಲ್ಲಿ ಕಿವುಡ ಪಿಚರನಿಗೆ ಕಿವುಡ ದಾಂಡಿಗ ಎದುರಾದದ್ದು ಅದೇ ಮೊದಲು. ಈ ಟೇಲರನ ತಂಡದಲ್ಲಿ ವ್ಯವಸ್ಥಾಪಕ ಜಾನ್ ಮೆಕ್‌ಗ್ರಾ ಮತ್ತು ಆಟಗಾರರು ಒಬ್ಬನ ಸಲುವಾಗಿ ಬೆರಳ ಭಾಷೆಯನ್ನೇ ಕಲಿತರು. ಒಬ್ಬ ಬಹುಮಂದಿಯ ಭಾಷೆ ಕಲಿಯುವುದು ಲೋಕರೂಢಿ. ಬಹುಮಂದಿ ಒಬ್ಬನ ಭಾಷೆ ಕಲಿತದ್ದನ್ನು ನಾವು ಎಷ್ಟು ಸಲ ಕಂಡಿದ್ದೇವೆ?

ಈಗ ಒಂದು ವಾದದ ವಿಷಯ. ಅಂಪೈರುಗಳು ಕೈಸನ್ನೆ ಮಾಡತೊಡಗಿದ್ದೇ ಹೋಯನಿಗಾಗಿ ಎಂದು ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಸಾಕ್ಷ್ಯ ಸಾಲದು. ಹೋಯನ ಕಾಲದ ವರದಿಗಳು ಹೇಳುವುದು ಆತನ ತಂಡದವನೇ ಮೂರನೆಯ ಬೇಸಿನ ಬಳಿ ಬೆರಳೆತ್ತುತ್ತಿದ್ದ ಸಂಗತಿಯನ್ನು. ಎಡ್ ಡಂಡನ್ ಎಂಬ ಇನ್ನೊಬ್ಬ ಕಿವುಡ, ಅದೇ ಕೊಲಂಬಸ್ ಶಾಲೆಯಲ್ಲಿ ಓದಿದವನು, ಹೋಯ್‌ಗಿಂತ ಐದು ವರ್ಷ ಮೊದಲೇ 1883ರಲ್ಲಿ ದೊಡ್ಡ ಲೀಗಿನಲ್ಲಿ ಆಡಿದ್ದ. ಆತ 1886ರಲ್ಲಿ ಮೊಬೈಲ್ ನಗರದ ಒಂದು ಆಟಕ್ಕೆ ಅಂಪೈರ್ ಆಗಿ ನಿಂತು ಬೆರಳುಗಳಿಂದಲೇ ತೀರ್ಪು ಕೊಟ್ಟಿದ್ದಾನೆ. ದೊಡ್ಡ ಲೀಗಿನ ಅಂಪೈರುಗಳಲ್ಲಿ ಸನ್ನೆ ರೂಢಿಯಾದದ್ದು 1905ರ ಈಚೆಗೆ. ಬಿಲ್ ಕ್ಲೆಮ್, ಸೈ ರಿಗ್ಲರ್ ಎಂಬವರ ಹೆಸರು ಅದಕ್ಕೆ ಹೇಳುತ್ತಾರೆ. ಅಷ್ಟರಲ್ಲಿ ಹೋಯ್ ನಿವೃತ್ತನಾಗಿದ್ದ. ಆದ್ದರಿಂದ ಇಲ್ಲದ ಕೀರ್ತಿಯನ್ನು ಅವನಿಗೆ ಹೊರಿಸಬೇಕಾಗಿಲ್ಲ; ಇರುವ ಕೀರ್ತಿಯೇ ಧಾರಾಳವಾಗಿದೆ. ಸಾವಿರಾರು ಜನರ ಗದ್ದಲದಲ್ಲಿ ಅಂಪೈರನ ಕೂಗು ಕಿವಿಯಿದ್ದವರಿಗೂ ಕೇಳಿಸುತ್ತಿರಲಿಲ್ಲ. ಜಾತ್ರೆಯಲ್ಲಿ ಎಲ್ಲರೂ ಕಿವುಡರೇ. ಕಿವುಡರು ತಮಗಾಗಿ ಹುಡುಕಿಕೊಂಡ ಉಪಾಯ ಕೊನೆಗೆ ಸಕಲರಿಗೂ ಬೇಕಾಯಿತು ಎಂಬಷ್ಟು ಮಾತ್ರ ನಿಸ್ಸಂಶಯವಾದ ಸತ್ಯ.

ಅವನ ಹೆಸರಿನ ವಿಷಯವೂ ಒಂದುಂಟು. ಆ ದಿನಗಳಲ್ಲಿ ಎಲ್ಲರೂ ಅವನನ್ನು "ಡಮ್ಮಿ" ಎಂದೇ ಕರೆದರು. ನಮ್ಮ ಮಾತಿನಲ್ಲಿ ಮೂಗ ಎಂದಂತೆ. ಕಿವುಡ ಆಟಗಾರರಿಗೆಲ್ಲ ಅದೇ ಅಡ್ಡಹೆಸರು. ಹೋಯ್ ಅದನ್ನು ಬೇಸರವಿಲ್ಲದೆ ಒಪ್ಪಿಕೊಂಡಿದ್ದ, ಪತ್ರಗಳಲ್ಲಿ ತಾನೂ ಬಳಸುತ್ತಿದ್ದ. ಆದರೆ ಆತ ಒಪ್ಪಿದ ಎಂಬುದು ಕರೆದವರಿಗೆ ಪರವಾನಗಿಯಲ್ಲ. ನಮ್ಮಲ್ಲಿಯೂ ಕುಂಟ, ಕುರುಡ, ಮೂಗ ಎಂದು ಕೊರತೆಯನ್ನೇ ಹೆಸರು ಮಾಡಿ ಕೂಗುವ ಅಭ್ಯಾಸ ಹೋಗಿಲ್ಲ. ವಿಲಿಯಂ ಎಂದರೆ ಸಾಕಾಗಿತ್ತು.

1902ರಲ್ಲಿ ದೊಡ್ಡ ಲೀಗಿನ ಆಟ ಮುಗಿಯಿತು. ಹದಿನಾಲ್ಕು ಹಂಗಾಮು, ಸುಮಾರು 1,800 ಪಂದ್ಯ, 2,000ಕ್ಕೆ ಮೀರಿದ ಹಿಟ್ಟುಗಳು, 1,400ಕ್ಕೆ ಮೀರಿದ ರನ್ನುಗಳು, ಕದ್ದ ಬೇಸುಗಳು ಆರುನೂರರ ಹತ್ತಿರ. ಇನ್ನೊಂದು ವರ್ಷ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್ ತಂಡಕ್ಕೆ ಆಡಿ, ನಲವತ್ತೊಂದನೆಯ ವಯಸ್ಸಿನಲ್ಲಿ ದಾಂಡು ಕೆಳಗಿಟ್ಟ. ಸಂಪಾದಿಸಿದ್ದನ್ನು ಹಾಳುಮಾಡದೆ ಸಿನ್‌ಸಿನಾಟಿಯ ಬಳಿ ಹೈನಿನ ತೋಟ ಕೊಂಡ. ಹಸು ಸಾಕಿ ಬಾಳಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಅಕ್ರನ್ ನಗರದ ಗುಡ್‌ಇಯರ್ ಟಯರ್ ಕಾರಖಾನೆ ನೂರಾರು ಕಿವುಡ ಕೆಲಸಗಾರರನ್ನು ಸೇರಿಸಿಕೊಂಡಾಗ ಅವರ ಮೇಲ್ವಿಚಾರಣೆಗೆ ಹೋಯ್ ಹೋದ.

1961ರ ಅಕ್ಟೋಬರ್ 7ರಂದು ಸಿನ್‌ಸಿನಾಟಿಯಲ್ಲಿ ವರ್ಲ್ಡ್ ಸೀರೀಸಿನ ಮೂರನೆಯ ಪಂದ್ಯ. ಆರಂಭದ ಚೆಂಡನ್ನು ಎಸೆಯಲು ಕರೆದದ್ದು ತೊಂಬತ್ತೊಂಬತ್ತು ವರ್ಷದ ಹೋಯನನ್ನು. ಮುದುಕ ಚೆಂಡೆಸೆದ, ಮೈದಾನ ಎದ್ದು ನಿಂತಿತು. ಅದೇ ವರ್ಷ ಡಿಸೆಂಬರ್ 15ರಂದು ತೀರಿಕೊಂಡ. ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯ 2001ರಲ್ಲಿ ತನ್ನ ಬೇಸ್‌ಬಾಲ್ ಮೈದಾನಕ್ಕೆ ಅವನ ಹೆಸರಿಟ್ಟಿತು. 2003ರಲ್ಲಿ ಸಿನ್‌ಸಿನಾಟಿ ತಂಡದ ಕೀರ್ತಿಭವನದಲ್ಲಿ ಸ್ಥಾನ ಸಿಕ್ಕಿತು. ಕೂಪರ್ಸ್‌ಟೌನಿನ ರಾಷ್ಟ್ರೀಯ ಕೀರ್ತಿಭವನ ಮಾತ್ರ ಅವನನ್ನು ಒಳಗೆ ಕರೆದಿಲ್ಲ. ಕರೆಯಬೇಕೆಂದು ಆ ದೇಶದ ಕಿವುಡರು ಹೇಳುತ್ತಲೇ ಇದ್ದಾರೆ.

ಬಂಧುಗಳೇ, ನಮ್ಮ ವಾಚನಾಲಯಕ್ಕೆ ಊರಿನಿಂದ ಹೊಸದಾಗಿ ಬಂದ ಹುಡುಗರು ಬರುತ್ತಾರೆ. ಮೇಜಿನ ಮೇಲಿನ ಪತ್ರಿಕೆ ತಿರುವಿ, ಯಾರೊಡನೆಯೂ ಮಾತಾಡದೆ ಎದ್ದುಹೋಗುತ್ತಾರೆ. ಹೊರಗಿನ ಊರಿನ ಮಾತು ಇನ್ನೂ ಅವರ ಕಿವಿಗೆ ಬರಿಯ ಸದ್ದು. ನನಗೆ ತಿಳಿಯುವುದಿಲ್ಲ, ಇದನ್ನು ಹೇಳಿಕೊಡಿ ಎಂದು ಕೇಳುವ ಧೈರ್ಯ ಅವರಿಗೆ ಬರಲಿ. ಮೂರನೆಯ ಬೇಸಿನ ಬಳಿ ನಿಂತು ಬೆರಳೆತ್ತಿ ತೋರಿಸುವ ಸೌಜನ್ಯ ಹಳಬರಾದ ನಮಗೆ ಬರಲಿ. ತಂಡ ಗೆಲ್ಲುವುದು ಇಬ್ಬರೂ ಇದ್ದಾಗಲೇ.